ಇಬ್ರಾಹಿಂಸಾಬರ ಟಂಟಂನ ಮುಂದಿನ ಸೀಟು

ಇಬ್ರಾಹಿಂಸಾಬರ ಹೆಸರಿಗಿಂತ ಮೊದಲು ಸತ್ಯವ್ವನ ಕಿವಿಗೆ ಬಿದ್ದದ್ದು ಅವರ ಹಾರ್ನು. ಅವತ್ತು ಬೆಳಿಗ್ಗೆ ಆಕೆ ಹಿತ್ತಲಲ್ಲಿ ಎಮ್ಮೆಗೆ ನೀರು ಇಟ್ಟು ಕಸ ಗುಡಿಸುತ್ತಿದ್ದಳು. ರಾಮಥಾಳದ ಊರಬಾಗಿಲು, ಅಗಸಿಯ ಕಡೆಯಿಂದ ‘ಪೋಂ ಪೋಂ ಪೋಂ’ ಎಂದು ಶುರುವಾದ ಸದ್ದು ಹುನಗುಂದದ ದಾರಿ ಹಿಡಿದು, ಕಾಲುವೆ ದಾಟಿ, ಆಚೆ ಹೊಲಗಳ ನಡುವೆ ಸಣ್ಣಗಾಗುವವರೆಗೂ ಒಂದೇ ಸಮ ಕೇಳುತ್ತಿತ್ತು. ಎಮ್ಮೆ ಕೂಡ ಬಕೆಟ್ಟಿನಿಂದ ಮೂತಿ ಎತ್ತಿ, ಇದೇನು ಹೊಸ ಕಾಟ ಎಂಬಂತೆ ಕಿವಿ ನಿಮಿರಿಸಿ ನಿಂತಿತು.

ಅಷ್ಟರಲ್ಲಿ ಪಕ್ಕದ ಮನೆಯ ಸಾವಂತ್ರವ್ವ ಸೆರಗು ಸಿಕ್ಕಿಸಿಕೊಳ್ಳುತ್ತ ಓಡಿ ಬಂದಳು.

“ಸತ್ಯವ್ವಾ, ಕೇಳಿದೇನು? ಯಾರದೋ ಮದುವಿ ದಿಬ್ಬಣ ಅನಕೊಂಡಿದ್ದೆ. ನಿನ್ನ ಮೊಮ್ಮಗಳ ಮೆರವಣಿಗಿ ಅದು!”

“ಏನ ಹೇಳಾಕತ್ತೀಯವಾ?”

“ಹಳೇ ಟಂಟಂದಾಂವ ಗಾಡಿ ಮಾರಿದ್ನಲ್ಲ, ಸಾಲಿ ಹುಡುಗರನ್ನ ಒಯ್ಯಾಕ ಇವತ್ತು ಹೊಸಬ ಬಂದಾನ. ಇಬ್ರಾಹಿಂಸಾಬ ಅಂತ. ನಿನ್ನ ರಾಧಿ ಅಗಸ್ಯಾಗ ಸೋಮಲಿಂಗನ ಕೂದಲಾ ಹಿಡದು ಜಗ್ಗಾಕತ್ತಿದ್ಲು. ಆ ಮನಿಷ್ಯಾ ಬೈಲಿಲ್ಲ, ಬಡೀಲಿಲ್ಲ. ಮುಂದ ತನ್ನ ಬಾಜೂಕ ಕುಂದ್ರಿಸಿಕೊಂಡು ಕೈಯಾಗ ಹಾರ್ನ್ ಕೊಟ್ಟಾನ! ಬಡದಾಡಿದವರಿಗೆ ಬಹುಮಾನ ನೋಡು!”

ಹಾರ್ನಿನ ಚಿಂತೆ ಸತ್ಯವ್ವನಿಗಿರಲಿಲ್ಲ, ಇದ್ದದ್ದು ಜಗಳದ ಚಿಂತೆ. ರಾಧಿಕಾ ಆಕೆಯ ಮಗನ ಮಗಳು, ಮೂರನೆಯ ಇಯತ್ತೆಯ ಹುಡುಗಿ. ಮಗ ಮಾಳಪ್ಪನೂ ಸೊಸೆಯೂ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಕೂಸು ನಿಂಗರಾಜನನ್ನು ಜೊತೆಗೆ ಒಯ್ದು, ಸಾಲಿ ಕೆಡಬಾರದೆಂದು ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದರು. ಹುಡುಗಿ ಓದಿನಲ್ಲಿ ಚುರುಕು, ಕೆಲಸದಲ್ಲಿ ಇನ್ನೂ ಚುರುಕು. ಆದರೆ ಸಿಟ್ಟು ಬಂತೆಂದರೆ ಕೈಗೆ ಸಿಕ್ಕಿದ್ದು ಹಾರುತ್ತಿತ್ತು. ಒಂದು ದಿನ ಕಂಪಾಸ್ ಪೆಟ್ಟಿಗೆ, ಒಂದು ದಿನ ಚಪ್ಪಲಿ, ಒಂದು ದಿನ ಬಿಸಿಯೂಟದ ತಟ್ಟೆ, ಅದೂ ಅನ್ನ ಸಾರು ಸಮೇತ. ಹುನಗುಂದದ ಸಾಲಿಯ ಜಯಶ್ರೀ ಅಕ್ಕೋರು ಸತ್ಯವ್ವನನ್ನು ಕರೆಸಿ, “ಇನ್ನೊಮ್ಮಿ ಯಾರನ್ನರ ಬಡದ್ರ ಹುಡುಗೀನ ಕರಕೊಂಡು ಹೋಗ್ರೆವಾ, ಬ್ಯಾರೆ ಮಕ್ಕಳ ಮನಿಯವರು ನನ್ನ ಜೀವಾ ತಿನ್ನಾಕತ್ತಾರ” ಎಂದಿದ್ದರು. ಅದನ್ನು ಕೇಳಿದ ಮಾಳಪ್ಪ ಫೋನಿನಲ್ಲಿ, “ಹಂಗಾದ್ರ ಇಲ್ಲೇ ಕರಕೊಂಡು ಬರ್ತೇನಿ ಬಿಡಬೇ” ಎಂದುಬಿಟ್ಟಿದ್ದ.

ಅಲ್ಲಿ ಎಂದರೆ ತಗಡಿನ ಶೆಡ್ಡು. ಸತ್ಯವ್ವ ಒಮ್ಮೆ ಹೋಗಿ ನೋಡಿ ಬಂದಿದ್ದಳು. ಅಲ್ಲಿಗೆ ಹೋದ ಹುಡುಗಿ ತಮ್ಮನನ್ನು ಸೊಂಟಕ್ಕೆ ಕಟ್ಟಿಕೊಂಡು ಮರಳಿನ ಗುಡ್ಡೆಯ ಪಕ್ಕ ಕೂರಬೇಕೇ ಹೊರತು ಸಾಲಿಯ ಮುಖ ನೋಡುವುದು ಕನಸಿನ ಮಾತು.

ಸಿಟ್ಟು ಬಿಡಿಸಲು ಅಜ್ಜಿ ಮಾಡದ ಉಪಾಯವಿರಲಿಲ್ಲ. ದೃಷ್ಟಿ ತೆಗೆದಳು, ದಾರ ಕಟ್ಟಿಸಿದಳು. ಒಂದು ಅಮಾವಾಸ್ಯೆಗೆ ಬೀರಪ್ಪನ ಗುಡಿಗೆ ಕರೆದುಕೊಂಡು ಹೋದಳು. ಅಲ್ಲಿ ಕೊಬ್ಬರಿ ಹಂಚುವಾಗ ಆಕೆಯದೇ ಇಯತ್ತೆಯ ಸೋಮಲಿಂಗ ರಾಧಿಕಾಳ ಚೂರನ್ನು ಕಸಿದು ಬಾಯಿಗೆ ಹಾಕಿಕೊಂಡ. ಹುಡುಗಿ ಗಡಗಡ ನಡುಗುತ್ತ, ಕಣ್ಣು ಕೆಂಪಗೆ ಮಾಡಿಕೊಂಡು ಚೀರಿದಳು. ಯಾರೋ ಒಬ್ಬರು “ದೇವರು ಬಂತು!” ಎಂದರು. ಅಷ್ಟೇ ಸಾಕಾಯಿತು. ಹೆಂಗಸರು ಆಕೆಯ ಜಡೆ ಬಿಚ್ಚಿದರು, ಹಣೆತುಂಬ ಭಂಡಾರ ಬಳಿದರು. ಡೊಳ್ಳಿನವರು ಡೊಳ್ಳು ಎತ್ತಿಕೊಂಡರು. ಒಬ್ಬ ಹಿರಿಯರು ಕೈ ಮುಗಿದು, “ಮಳಿ ಯಾವಾಗ ಬರ್ತೈತೆಪಾ?” ಎಂದು ಕೇಳಿದರು.

“ಸೋಮಲಿಂಗಗ ಕೊಬ್ಬರಿ ಕೊಡಬ್ಯಾಡ್ರಿ!” ಎಂದಿತು ದೇವರು.

ಪಾಪ, ಆ ಹುಡುಗನಿಗೆ ಮುಂದೆ ಎಷ್ಟೋ ದಿನ ಊರಲ್ಲಿ ಯಾರೂ ಕೊಬ್ಬರಿ ಕೊಡಲಿಲ್ಲ. ರಾಧಿಕಾಳಿಗೋ, ನಡುಗಿ ಚೀರಿದರೆ ಊರೇ ಕೈ ಮುಗಿಯುತ್ತದೆ ಎಂಬುದು ಗೊತ್ತಾಗಿಹೋಯಿತು. ಸತ್ಯವ್ವನ ಕಷ್ಟ ಎರಡು ಪಟ್ಟಾಯಿತು. ಇದರ ಮೇಲೆ ಈಗ ಹಾರ್ನು ಬೇರೆ.

ಸಂಜೆ ಟಂಟಂ ರಿಕ್ಷಾ ಬರುವ ಹೊತ್ತಿಗೆ ಆಕೆ ಅಗಸಿಯಲ್ಲಿ ನಿಂತಿದ್ದಳು. ಸಂಜೆಯ ಕಸ ಗುಡಿಸುತ್ತಿದ್ದ ಕಸಬರಿಗೆ ಕೈಯಲ್ಲೇ ಉಳಿದಿದ್ದು ಆಕೆಗೆ ಗೊತ್ತಿರಲಿಲ್ಲ. ಗಾಡಿಯಿಂದ ಇಳಿದವರು ಬಿಳಿ ಗಡ್ಡದ ತೆಳ್ಳನೆಯ ಮನುಷ್ಯ. ಕನ್ನಡಕದ ಮುರಿದ ಕಾಲಿಗೆ ಕೆಂಪು ರೇಷ್ಮೆ ದಾರ ಸುತ್ತಿತ್ತು.

“ಏ ಸಾಬಾ, ನನ್ನ ಮೊಮ್ಮಗಳೇನು ಬ್ಯಾಂಡ್ ಕಂಪನಿ ಇಟ್ಟಾಳೇನು?”

“ಬರ್ರಿ ಅಕ್ಕಾರ,” ಎಂದರು ಇಬ್ರಾಹಿಂಸಾಬರು. “ಕಸಬರಗಿ ಯಾಕ ತಂದ್ರಿ? ಗಾಡ್ಯಾಗಿನ ಕಸಾ ನಾ ಮುಂಜಾನೇನ ಹೊಡದೇನಿ.”

ಇಳಿಯುತ್ತಿದ್ದ ಮಕ್ಕಳು ಕಿಸಕ್ಕನೆ ನಕ್ಕವು. ಸತ್ಯವ್ವ ಕಸಬರಿಗೆಯನ್ನು ಬೆನ್ನ ಹಿಂದೆ ಮಾಡಿದಳು. “ಬಡದಾಡಿದಾಕಿ ಕೈಯಾಗ ಹಾರ್ನ್ ಕೊಟ್ರ ನಾಳೆ ಎಲ್ಲಾವೂ ಬಡದಾಡ್ತಾವ.”

“ಖರೆ ಐತಿ. ಆದ್ರ ಇಷ್ಟ ದಿನಾ ಬೈದ್ರೆಲ್ಲಾ, ಕಡಿಮಿ ಆತೇನ್ರಿ?”

ಸಾಬರೇ ಮುಂದುವರಿಸಿದರು. “ನಾ ಏನೂ ಮಾಡಿಲ್ರಿ. ಸಿಟ್ಟು ಮೈಯಾಗ ಎಲ್ಲಿ ಕುಂತೈತಿ ಅಂತ ಕೇಳಿದೆ. ಕಿವ್ಯಾಗ, ಬಿಸಿ ಆಗ್ಯಾವು ಅಂದ್ಲು. ಎಲ್ಲಿ ಹತ್ತಿತು ಅಂದೆ. ಅಗಸ್ಯಾಗ ಅಂದ್ಲು. ಅದು ಇಳಿಯೂತನಕ ಇದನ್ನ ಒತ್ತವಾ, ಸೋಮಲಿಂಗನ್ನ ಬಿಡು ಅಂದೆ. ಹುನಗುಂದ ಕಾಣೂದ್ರಾಗ ತಾನ ಹಾರ್ನ್ ಕೆಳಗಿಟ್ಲು.”

“ಸಿಟ್ಟೇನು ಪ್ಯಾಸೆಂಜರ್ರಾ, ಹತ್ತಾಕ ಇಳಿಯಾಕ?”

“ಮತ್ತೇನ್ರಿ? ನನ್ನ ಗಾಡ್ಯಾಗ ಭಾಳ ವರ್ಷ ಅಡ್ಡಾಡೈತಿ ಅದು.”

ಅವರು ಹೇಳಿದ್ದು ತಮಾಷೆಯಲ್ಲ ಎಂಬುದು ಸತ್ಯವ್ವನಿಗೆ ದಿನ ಹೋದಂತೆ ತಿಳಿಯಿತು. ಸಂಜೆ ಮಕ್ಕಳನ್ನು ಇಳಿಸಿ ಅಗಸಿಯ ಕಟ್ಟೆಯ ಮೇಲೆ ಚಹಾ ಕುಡಿಯುವಾಗ ಅವರು ತುಂಡು ತುಂಡಾಗಿ ತಮ್ಮ ಕತೆ ಹೇಳುತ್ತಿದ್ದರು. ಹುಟ್ಟಿದ್ದು ಇಳಕಲ್ಲಿನಲ್ಲಿ. ಅಪ್ಪ ಸೀರೆಯ ನೂಲಿಗೆ ಬಣ್ಣ ಹಾಕುವವರು. ಹುಡುಗನಿದ್ದಾಗ ಅಣ್ಣನ ಮೇಲಿನ ಸಿಟ್ಟಿಗೆ ಕೆಂಪು ಬಣ್ಣದ ಗಡಿಗೆಯನ್ನು ಹಸಿರು ಬಣ್ಣದ ಗಡಿಗೆಗೆ ಸುರಿದರು. ಯಾರದೋ ಮದುವೆ ಸೀರೆಯ ನೂಲು ಕೊಳೆತ ಬದನೆಕಾಯಿಯ ಬಣ್ಣಕ್ಕೆ ಬಂತು. ಅಪ್ಪ ಬಡಿದರು, ಮಗ ಅದೇ ಸಿಟ್ಟಿನಲ್ಲಿ ಲಾರಿ ಹತ್ತಿ ಕ್ಲೀನರ್ ಆದರು. ಆಮೇಲೆ ಡ್ರೈವರ್ ಆದರೂ ಒಬ್ಬ ಮಾಲೀಕನ ಹತ್ತಿರವೂ ನೆಟ್ಟಗೆ ನಿಲ್ಲಲಿಲ್ಲ. ಒಮ್ಮೆಯಂತೂ ಕೆರೂರಿನ ಹತ್ತಿರ ಜೊತೆಗಿದ್ದವನು ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿಸಿದ ಎಂದು ಜಗಳ ತೆಗೆದು, ಉಳ್ಳಾಗಡ್ಡಿ ತುಂಬಿದ ಲಾರಿಯನ್ನು ನಡುರಸ್ತೆಯಲ್ಲಿ ಬಿಟ್ಟು, ಕೀಲಿಕೈ ಜೇಬಿನಲ್ಲಿಟ್ಟುಕೊಂಡು ಮನೆಗೆ ನಡೆದು ಬಂದಿದ್ದರು!

“ನಮ್ಮ ಶಮಶಾದಬಿ ಬೈಲಿಲ್ರಿ,” ಎಂದು ಹೆಂಡತಿಯನ್ನು ನೆನೆಸಿ ನಗುತ್ತಿದ್ದರು. “ಹೊಟ್ಟಿ ಹಿಡಕೊಂಡು ನಕ್ಲು. ಸಿಟ್ಟು ಬರ್ಲಿ, ಬ್ಯಾಡ ಅನ್ನೂದಿಲ್ಲ, ಬಾಜೂಕ ಒಂದು ಸೀಟು ಕೊಡ್ರಿ, ಆದ್ರ ಸ್ಟೇರಿಂಗ್ ಕೊಡಬ್ಯಾಡ್ರಿ ಅಂದ್ಲು. ಮರುದಿನ ಗುಜರಿ ಅಂಗಡ್ಯಾಗ ಈ ಹಾರ್ನ್ ತಂದು ಕೈಯಾಗ ಇಟ್ಲು. ಬಾಯಿಲೆ ಒದರೂ ಬದಲಿ ಇದನ್ನ ಒದರಸ್ರಿ ಅಂತ. ಈ ಉಪಾಯದ ಅಂಗಡಿ ಆಕೀದು ಅಕ್ಕಾರ, ನಾ ಬರೇ ಮಾರಾಂವ.”

ಹಳೆಯ ಹಿತ್ತಾಳೆ ಹಾರ್ನು ಅದು, ಹಿಂದೆ ಕರೀ ರಬ್ಬರಿನ ಗುಂಡು. ಮಕ್ಕಳಿಗೆ ಅದರ ಮೇಲೆ ಎಂಥ ಆಸೆ ಎಂದರೆ, ಸತ್ಯವ್ವ ಹೇಳಿದಂತೆಯೇ, ವಾರ ಕಳೆಯುವುದರೊಳಗೆ ಎಲ್ಲಕ್ಕೂ ಸಿಟ್ಟು ಬರತೊಡಗಿತು. “ಅಜ್ಜಾ, ನಂಗೂ ಸಿಟ್ಟು!” ಎಂದು ಫರಹಾನಾ ಎಂಬ ಪುಟ್ಟ ಹುಡುಗಿ ಹಲ್ಲು ಕಿರಿಯುತ್ತ ಮುಂದೆ ನುಗ್ಗಿದಳು. ಸಾಬರು ಆಕೆಯ ಕಿವಿ ಮುಟ್ಟಿ ನೋಡಿ, “ಕುಲ್ಫಿ ಇದ್ದಂಗ ಐತಿ. ಖೊಟ್ಟಿ ಸಿಟ್ಟು. ಹಿಂದ ಹೋಗವಾ” ಎಂದರು. ಅಂದಿನಿಂದ ಕಿವಿ ಬಿಸಿ ಇದ್ದವರಿಗೆ ಮಾತ್ರ ಮುಂದಿನ ಸೀಟು ಎಂದು ಕಾಯಂ ಆಯಿತು. ಮಕ್ಕಳು ದಾರಿಯುದ್ದಕ್ಕೂ ಒಬ್ಬರ ಕಿವಿ ಒಬ್ಬರು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ರಾಧಿಕಾ ಮಾತ್ರ ಸೋಮವಾರ ಬಂತೆಂದರೆ ತಪ್ಪದೆ ಮುಂದಿನ ಸೀಟಿನಲ್ಲೇ ಇರುತ್ತಿದ್ದಳು. ಎಲ್ಲಿ ಹತ್ತಿತು ಎಂದರೆ ಮೊದಲು ಅಗಸಿ ಎನ್ನುತ್ತಿದ್ದವಳು, ಮುಂದೆ ಮನೆಯ ಬಾಗಿಲು ಎಂದಳು, ಇನ್ನೊಂದು ವಾರ ತಲೆ ಬಾಚುವಾಗ ಎಂದಳು. ಸಾಬರು ಹೂಂ ಎನ್ನುತ್ತಿದ್ದರೇ ಹೊರತು ಬುದ್ಧಿ ಹೇಳುತ್ತಿರಲಿಲ್ಲ.

ಒಂದು ಸೋಮವಾರ ಮೊಣಕಾಲು ನೋವಿಗೆ ದವಾಖಾನಿಗೆಂದು ಸತ್ಯವ್ವನೂ ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ಮುಂದೆ ರಾಧಿಕಾ ಹಾರ್ನು ಒತ್ತಿ ಒತ್ತಿ ಸುಸ್ತಾಗಿ ಹೇಳುವುದು ಕೇಳಿಸಿತು.

“ಇದು ಇವತ್ತಿಂದಲ್ಲಜ್ಜಾ. ನಿನ್ನೆ ಹತ್ತಿದ್ದು, ಇನ್ನೂ ಇಳಿದಿಲ್ಲ.”

“ನಿನ್ನೆ ಎಲ್ಲಿ ಹತ್ತಿತವಾ?”

“ಫೋನಿನ್ಯಾಗ. ಐತವಾರ ಅವ್ವಂದು ಫೋನ್ ಬರ್ತೈತಿ. ಆಯಿ ಎಮ್ಮಿ ಸುದ್ದಿ ಹೇಳ್ತಾಳ, ಮಳಿ ಸುದ್ದಿ ಹೇಳ್ತಾಳ, ಸಾವಂತ್ರವ್ವನ ಸೊಸಿ ಸುದ್ದಿ ಹೇಳ್ತಾಳ. ಆಮ್ಯಾಲ ಅವ್ವ ನಿಂಗ್ಯಾ ನಗೂದು ಕೇಳಿಸ್ತಾಳ. ನನ್ನ ಪಾಳಿ ಬರೂದ್ರಾಗ ಚಾರ್ಜ್ ಮುಗೀತೈತಿ.”

ಹಿಂದಿನ ಸೀಟಿನಲ್ಲಿ ಸತ್ಯವ್ವ ಬಾಯಿಗೆ ಸೆರಗು ಹಿಡಿದಳು. ದೃಷ್ಟಿ ತೆಗೆದದ್ದೇನು, ದಾರ ಕಟ್ಟಿಸಿದ್ದೇನು, ದೇವರು ಬಂತೆಂದು ಡೊಳ್ಳು ಬಡಿಸಿದ್ದೇನು! ಸಿಟ್ಟು ಹತ್ತುತ್ತಿದ್ದ ಜಾಗ ತನ್ನದೇ ಕಿವಿಯ ಪಕ್ಕದಲ್ಲಿತ್ತು. ಸಾಬರು ಕನ್ನಡಿಯಲ್ಲಿ ಆಕೆಯ ಮುಖ ನೋಡಿದರು.

ಮುಂದಿನ ಐತವಾರ ಫೋನು ಗುಣುಗುಟ್ಟಿದ ಕೂಡಲೇ ಸತ್ಯವ್ವ ಅದನ್ನು ಮೊಮ್ಮಗಳ ಕೈಗೆ ಕೊಟ್ಟು ಎಮ್ಮೆಯ ಹತ್ತಿರ ಹೋಗಿ ಕುಳಿತಳು. ಒಳಗಿನಿಂದ ಮಾತು ಕೇಳಿಸುತ್ತಿತ್ತು. “ಯವ್ವಾ, ನಿಂಗ್ಯಾಗ ಹಲ್ಲು ಬಂತೇನು? ನಂದೊಂದು ಬಿದ್ದೈತಿ... ಇಲ್ಲಬೇ, ಯಾರೂ ಬಡದಿಲ್ಲ, ತಾನ ಬಿದ್ದೈತಿ... ನೀ ಯಾವಾಗ ಬರ್ತಿ?” ಅಜ್ಜಿಯ ಪಾಳಿ ಬರುವಷ್ಟರಲ್ಲಿ ಚಾರ್ಜು ಮುಗಿದಿತ್ತು. ಎಮ್ಮೆ ಗಬ್ಬಾದ ಸುದ್ದಿ ಬಾಯಲ್ಲೇ ಉಳಿಯಿತು. ಸತ್ಯವ್ವ ಮೆಲ್ಲಗೆ ತನ್ನ ಕಿವಿ ಮುಟ್ಟಿ ನೋಡಿಕೊಂಡಳು. ಬೆಚ್ಚಗಿತ್ತು.

ಸಿಟ್ಟು ಮಾಯವಾಯಿತು ಎಂದರೆ ಸುಳ್ಳಾದೀತು. ಬರುತ್ತಿತ್ತು, ಬರುವಾಗ ಸುದ್ದಿ ಕೊಟ್ಟು ಬರುತ್ತಿತ್ತು. ಹೀಗಿರುವಾಗ ಒಂದು ದಿನ ಜಯಶ್ರೀ ಅಕ್ಕೋರಿಂದ ಮತ್ತೆ ಕರೆ ಬಂತು. ಸತ್ಯವ್ವ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟುಕೊಂಡು, ದಾರಿಯುದ್ದಕ್ಕೂ ಬೀರಪ್ಪನನ್ನು ನೆನೆಯುತ್ತ ಹೋದಳು. ಒಳಗೆ ಕಾಲಿಟ್ಟವಳೇ, “ಅಕ್ಕೋರ, ಗೋವಾಕ್ಕ ಮಾತ್ರ ಕಳಸೂಹಂಗ ಮಾಡಬ್ಯಾಡ್ರಿ” ಎಂದು ಕೈ ಮುಗಿದಳು.

“ಕುಂದರ್ರಿ ಮೊದಲ,” ಎಂದರು ಅಕ್ಕೋರು. “ನಿನ್ನೆ ಸೋಮಲಿಂಗ, ನಿಮ್ಮವ್ವ ನಿನ್ನ ಬಿಟ್ಟು ಹೋಗ್ಯಾಳ ಅಂದ. ಹುಡುಗಿ ಕೈ ಎತ್ತಿದ್ಲು. ಮುಗೀತು ಅನಕೊಂಡೆ. ಎತ್ತಿದ ಕೈಲೆ ತನ್ನ ಕಿವಿ ಮುಟ್ಟಿಕೊಂಡು, ಅಕ್ಕೋರ, ಬಿಸಿ ಆಗ್ಯಾವು, ಹೊರಗ ಹೋಗಿ ಬರ್ತೇನಿ ಅಂದ್ಲು. ಬೇವಿನ ಗಿಡದ ಕೆಳಗ ನಿಂತು ಪೋಂ ಪೋಂ ಅಂತ ಬಾಯಿಲೆ ಹಾರ್ನ್ ಹೊಡದ್ಲು. ಆಮ್ಯಾಲ ಬಂದು, ಹಂಗ ಅನಬ್ಯಾಡ, ನನಗ ಸಂಕಟ ಆಗತೈತಿ ಅಂತ ಅವನ ಮಾರಿ ನೋಡಿ ಹೇಳಿದ್ಲು. ಆ ಹುಡುಗಾನೂ ಅತ್ತ.”

“ಹಂಗಾದ್ರ... ಸಾಲಿ ಬಿಡಸೂದು?”

“ಯಾಕ ಬಿಡಸ್ತೀರಿ? ಇಂಥಾ ಹುಡುಗೀನ ನಾ ಕಳಸೂದಿಲ್ಲ. ಆದ್ರ ಅಲ್ಲಿ ನೋಡ್ರಿ.”

ಕಿಟಕಿಯಾಚೆ ಬೇವಿನ ಗಿಡದ ಕೆಳಗೆ ಅರ್ಧ ಇಯತ್ತೆ ಸಾಲಾಗಿ ನಿಂತಿತ್ತು. ಪೋಂ, ಪೋಂ, ಪೋಂ.

“ಆ ಸಾಬರಿಗೆ ಹೇಳ್ರೆವಾ,” ಅಕ್ಕೋರು ನಗು ತಡೆಯಲಾರದೆ ಹೇಳಿದರು, “ಸಪ್ಪಳ ಇಲ್ಲದ್ದು ಏನರ ಒಂದು ಕಲಸ್ರಿ ಅಂತ.”

ಬೇಸಿಗೆ ರಜೆ ಹತ್ತಿರ ಬಂತು. ಒಂದು ಸೋಮವಾರ ಬೆಳಿಗ್ಗೆ ಸತ್ಯವ್ವ ರೊಟ್ಟಿ ಬಡಿಯುತ್ತಿದ್ದಾಗ ಸಾವಂತ್ರವ್ವ ಮತ್ತೆ ಓಡಿ ಬಂದಳು. ಸಾಬರ ಕಣ್ಣಿಗೆ ಪೊರೆ ಬಂದಿದೆಯಂತೆ, ಡಾಕ್ಟರು ಇನ್ನು ಗಾಡಿ ಹೊಡೆಯಬೇಡಿ ಅಂದರಂತೆ, ನಾಳೆಯಿಂದ ಇಳಕಲ್ಲಿಗೆ ಮಗ ಅಫ್ಸರನ ಮನೆಗೆ ಹೋಗುತ್ತಾರಂತೆ. ಇವತ್ತೇ ಕಡೆಯ ಫೇರಿ. ಒಂದು ಮಾತು ಯಾರಿಗೂ ಹೇಳಿಲ್ಲ!

ಸತ್ಯವ್ವ ಕೈಗೆ ಮೆತ್ತಿದ ಜೋಳದ ಹಿಟ್ಟಿನ ಸಮೇತ ಅಗಸಿಗೆ ಬಂದಳು. “ಇದ್ಯಾವ ನ್ಯಾಯ ಸಾಬರ? ಹೊಂಟಾವ್ರು ಹೇಳಿ ಹೋಗಬಾರದಾ? ನಾಳೆ ನನ್ನ ಹುಡುಗಿ ಕಿವಿ ಬಿಸಿ ಆದ್ರ ಯಾರು ಕೇಳಾವ್ರು?”

“ನಾನಽ ಕೇಳಿಕೋತೇನಿ ಆಯಿ,” ಎಂದಳು ರಾಧಿಕಾ ಹಿಂದಿನ ಸೀಟಿನಿಂದ. ಇಷ್ಟು ದಿನಗಳಲ್ಲಿ ಆಕೆ ಸೋಮವಾರ ಹಿಂದೆ ಕುಳಿತದ್ದು ಅದೇ ಮೊದಲು. ಬಗ್ಗಿ ಅಜ್ಜಿಯ ಕಿವಿ ಮುಟ್ಟಿ, “ಸಾಬಜ್ಜಾ, ಆಯಿ ಕಿವಿ ಕಾದ ಹಂಚಿನಂಗ ಐತಿ!” ಎಂದು ಕೂಗಿದಳು. ಗಾಡಿಯ ತುಂಬ ನಗೆ ಎದ್ದಿತು. ಸೋಮಲಿಂಗನದೇ ಎಲ್ಲರಿಗಿಂತ ದೊಡ್ಡದು.

ಸಾಬರು ಮುಂದಿನ ಸೀಟನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸಿ, “ಕುಂದರ್ರಿ ಅಕ್ಕಾರ” ಎಂದರು. ಸತ್ಯವ್ವ ಬಿರುಸಿನಿಂದಲೇ ಹತ್ತಿ ಕುಳಿತಳು. ಹಾರ್ನು ಕೈಗೆ ಬಂತು.

“ಎಲ್ಲಿ ಹತ್ತಿತ್ರಿ?”

“ಒಲಿ ಮುಂದ,” ಎಂದಳು ಸತ್ಯವ್ವ. “ನೀವು ಹೋಗ್ತೀರಿ ಅಂತ ಕೇಳಿದ ಕೂಡಲೇ.”

ಒತ್ತಿದಳು. ರಬ್ಬರಿಗೆ ಹಿಟ್ಟು ಮೆತ್ತಿತು. ಅಗಸಿ ಹಿಂದಾಯಿತು, ಕಾಲುವೆ ಹಿಂದಾಯಿತು. ಹೊಲದಲ್ಲಿದ್ದವರು ಎದ್ದು ನಿಂತು ನೋಡಿದರು, ಸತ್ಯವ್ವ ಒತ್ತುತ್ತಲೇ ಇದ್ದಳು. ಮಕ್ಕಳೂ ಬಾಯಿಂದ ಜೊತೆಗೂಡಿದರು. ಹುನಗುಂದದ ಮೊದಲ ಮನೆಗಳು ಕಾಣಿಸಿದಾಗ ಆಕೆಗೆ ಅಳುವೂ ಬಂದು ನಗುವೂ ಬಂದು, ಹಾರ್ನನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಇಬ್ರಾಹಿಂಸಾಬರು ಕನ್ನಡಕ ಸರಿಮಾಡಿಕೊಂಡು, ಗಾಡಿ ನಿಧಾನ ಮಾಡಿ, ದಿನಾ ಮಕ್ಕಳನ್ನು ಕೇಳುವ ದನಿಯಲ್ಲೇ ಕೇಳಿದರು:

“ಇಳೀತೇನ್ರಿ ಅಕ್ಕಾರ, ಇನ್ನೂ ಒಂದು ಸುತ್ತು ಹೊಡಿಯೂಣು?”