ನಾಲ್ಕರಲ್ಲಿ ಒಂದು

ಬೀಜ ಪರೀಕ್ಷೆಯ ಕೋಣೆಯಲ್ಲಿ ಅವಳನ್ನು ಎಲ್ಲರೂ ಮೊಳಕೆಯಕ್ಕ ಎಂದೇ ಕರೆಯುತ್ತಿದ್ದರು. ಮದುವೆಗೂ ಮೊದಲಿನಿಂದ ಮಾಡುತ್ತಿದ್ದ ಕೆಲಸ ಅದು. ಮಾರಾಟಕ್ಕೆ ಹೊರಟ ಮೂಟೆಗಳಿಂದ ಒಂದೊಂದು ಹಿಡಿ ಬೀಜ ಪೊಟ್ಟಣ ಕಟ್ಟಿ ಅಲ್ಲಿಗೆ ಕಳಿಸುತ್ತಾರೆ. ಅವಳು ಒದ್ದೆ ಕಾಗದ ಹಾಸಿ, ಚಿಮಟದಿಂದ ಒಂದೊಂದೇ ಬೀಜ ಎತ್ತಿ ಸಾಲಾಗಿ ಇಟ್ಟು, ಬೆಚ್ಚನೆಯ ಪೆಟ್ಟಿಗೆಯೊಳಗೆ ಬಿಡುತ್ತಾಳೆ. ಕೆಲವು ದಿನ ಕಳೆದ ಮೇಲೆ ತೆಗೆದು, ನೂರಕ್ಕೆ ಎಷ್ಟು ಮೊಳೆತವು ಎಂದು ಎಣಿಸಿ ಹೇಳುತ್ತಾಳೆ. ಎಪ್ಪತ್ತೈದು ಮೊಳೆತ ಮೂಟೆಯಿಂದ ಇನ್ನೊಂದು ನೂರು ಇಟ್ಟರೆ ಎಪ್ಪತ್ತೆರಡೋ ಎಪ್ಪತ್ತೆಂಟೋ ಬರುತ್ತಿತ್ತೇ ಹೊರತು ಮೂವತ್ತು ಬಂದದ್ದನ್ನು ಅವಳು ಒಮ್ಮೆಯೂ ಕಂಡವಳಲ್ಲ. "ಮನುಷ್ಯರು ಮಾತು ತಪ್ಪಬಹುದು, ನನ್ನ ಬೀಜ ತಪ್ಪಲ್ಲ" ಎಂದು ಆಗಾಗ ಜಂಬ ಕೊಚ್ಚಿಕೊಳ್ಳುತ್ತಿದ್ದಳು.

ಅವಳಿಗೊಬ್ಬಳು ಮಗಳಿದ್ದಳು. ಮೈ ತನಗೆ ಬೇಕಾದ ರಕ್ತವನ್ನು ತಾನೇ ಮಾಡಿಕೊಳ್ಳಲಾಗದ ಕಾಯಿಲೆ ಆ ಮಗುವಿಗೆ. ಆಗಾಗ ಆಸ್ಪತ್ರೆಗೆ ಹೋಗಿ ಬೇರೆಯವರ ರಕ್ತ ಹಾಕಿಸಿಕೊಂಡು ಬರುತ್ತಿದ್ದಳು. ನಾಲ್ಕು ವರ್ಷ ತುಂಬುವುದರೊಳಗೆ ಒಂದು ಜ್ವರ ಬಂದು ಅವಳನ್ನು ಕರೆದುಕೊಂಡು ಹೋಯಿತು. ಆಗ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು: "ನಿಮ್ಮಿಬ್ಬರ ಮೈಯಲ್ಲೂ ಈ ದೋಷ ಅಡಗಿಕೊಂಡಿದೆ. ನಿಮಗೆ ಅದರಿಂದ ತೊಂದರೆಯಿಲ್ಲ. ಆದರೆ ನಿಮಗೆ ಹುಟ್ಟೋ ಪ್ರತಿ ಮಗುವಿಗೂ ಕಾಯಿಲೆ ಬರೋ ಸಾಧ್ಯತೆ ನಾಲ್ಕರಲ್ಲಿ ಒಂದು."

ಅವಳ ಗಂಡ ವೆಲ್ಡಿಂಗ್ ಅಂಗಡಿಯಲ್ಲಿ ಗೇಟು, ಕಿಟಕಿ ಮಾಡುವವನು. ಮಗಳು ಹೋದ ಮೇಲೆ ಇನ್ನೊಂದು ಮಗುವಿನ ಮಾತೆತ್ತಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಅವಳಿಗೋ ಮಡಿಲು ಬರಿದಾದ ಸಂಕಟ. ಒಂದು ಸಂಜೆ ಅವನು ಹೊಸ್ತಿಲ ಮೇಲೆ ಕೂತು ಕೈಯ ಮಸಿ ತಿಕ್ಕುತ್ತಿದ್ದಾಗ ಅವಳು ಬಂದು ಪಕ್ಕದಲ್ಲಿ ಕೂತಳು. ಅಂಗೈಯಲ್ಲಿ ನಾಲ್ಕು ಬೀಜ.

"ರೀ, ಇಲ್ನೋಡಿ. ಡಾಕ್ಟರಮ್ಮ ಹೇಳಿದ್ದು ನಾಲ್ಕರಲ್ಲಿ ಒಂದು ಅಂತ ತಾನೇ?"

"ಈಗ್ಯಾಕೆ ಆ ಮಾತು?"

"ಕೇಳಿ ಅಂದ್ರೆ." ಒಂದು ಬೀಜವನ್ನು ಅಂಗಳಕ್ಕೆ ಎಸೆದಳು. "ಆ ಒಂದು ನಮ್ಮ ಪಾಲಿಗೆ ಬಂದು ಹೋಯ್ತು. ಇನ್ನು ಮೂರು ಉಳಿದಿದೆ. ಮೂರೂ ಗಟ್ಟಿ. ದಿನಾ ನೋಡೋಳು ನಾನು, ನನಗೆ ಗೊತ್ತಿಲ್ವಾ?"

ಅವನು ಅವಳ ಅಂಗೈಯನ್ನೇ ನೋಡುತ್ತಾ ಕೂತ. "ನಿಜವಾಗ್ಲೂ ಹಂಗೇನಾ?"

"ನಾನು ಯಾವತ್ತಾದ್ರೂ ಎಣಿಕೆ ತಪ್ಪಿದ್ದೀನಾ?"

"ಎಣಿಕೆ ತಪ್ಪಿಲ್ಲ. ಸಾರಿಗೆ ಉಪ್ಪು ಹಾಕೋದು ಮಾತ್ರ ಮರೀತೀಯ" ಎಂದ. ಮಗಳು ಹೋದ ಮೇಲೆ ಅವನು ತಮಾಷೆ ಮಾಡಿದ್ದು ಅದೇ ಮೊದಲು. ಆಮೇಲೆ ಮೆಲ್ಲಗೆ, "ಕಬ್ಬಿಣ ಆದ್ರೆ ನನ್ನ ಕೇಳು, ಎಣಿಕೆ ಆದ್ರೆ ನಿಂದು. ನೀನು ಹೇಳಿದ್ಮೇಲೆ ಮುಗೀತು" ಎಂದ.

ಅವಳು ಬಸುರಿಯಾದಳು. ಮೂರನೇ ತಿಂಗಳೊಳಗೆ ಬಂದರೆ ಹೊಟ್ಟೆಯಲ್ಲಿರುವ ಮಗುವಿಗೆ ಕಾಯಿಲೆ ಇದೆಯೋ ಇಲ್ಲವೋ ಪರೀಕ್ಷೆ ಮಾಡಿ ಹೇಳಬಹುದು, ಆಮೇಲೆ ಏನು ಮಾಡೋದು ಅನ್ನೋದನ್ನ ನೀವೇ ನಿರ್ಧರಿಸಬಹುದು ಎಂದು ಡಾಕ್ಟರಮ್ಮ ಹೇಳಿದರು. ಹೊಟ್ಟೆಗೆ ಸೂಜಿ ಹಾಕುತ್ತಾರೆ ಎಂದು ಕೇಳಿಯೇ ಅವಳು ಹೆದರಿದಳು. ಬರಬೇಕಾದದ್ದು ಬಂದು ಹೋಗಿದೆ, ಸುಮ್ಮನೆ ಮಗುವಿನ ಪಕ್ಕಕ್ಕೆ ಸೂಜಿ ಯಾಕೆ? ಅವಳು ಹೋಗಲಿಲ್ಲ. ಗಂಡ ಕೇಳಿದಾಗ, "ಅದೇನೂ ಬೇಡವಂತೆ ನಮಗೆ" ಎಂದು ಹಾರಿಕೆಯ ಮಾತಾಡಿ ಮುಗಿಸಿದಳು.

ಏಳನೇ ತಿಂಗಳು ನಡೆಯುತ್ತಿದ್ದಾಗ ಒಬ್ಬ ತೋಟಗಾರ ಬೀಜ ಪರೀಕ್ಷೆಯ ಕೋಣೆಗೆ ಬಂದು ಜಗಳಕ್ಕೆ ನಿಂತ. ಪೊಟ್ಟಣದ ಮೇಲೆ ನೂರಕ್ಕೆ ಎಪ್ಪತ್ತೈದು ಅಂತ ಬರೆದಿದ್ದೀರಿ, ನಾಲ್ಕು ಬೀಜ ಹಾಕಿದರೆ ಒಂದೇ ಒಂದು ಎದ್ದಿದೆ ಎಂಬುದು ಅವನ ದೂರು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಅಧಿಕಾರಿ ಹುಡುಗಿ, ಎಲ್ಲರೂ ಮೇಡಂ ಅನ್ನುತ್ತಿದ್ದವಳು, ಅವನನ್ನು ಸಮಾಧಾನ ಮಾಡಿ, ಬೇರೆ ಪೊಟ್ಟಣ ಕೊಟ್ಟು ಕಳಿಸಿದಳು.

"ಅವನು ಸುಳ್ಳ, ಮೇಡಂ" ಎಂದಳು ಮೊಳಕೆಯಕ್ಕ. "ಆ ಬೀಜ ಇಟ್ಟವಳು ನಾನೇ. ನಾಲ್ಕು ಹಾಕಿದ್ರೆ ಮೂರು ಬರಲೇಬೇಕು."

ಮೇಡಂ ನಕ್ಕಳು. "ಬರಲೇಬೇಕಾ? ಬನ್ನಿ ಅಕ್ಕ, ನಿಮ್ಮ ಬೀಜವನ್ನೇ ಕೇಳೋಣ."

ಅದೇ ಮೂಟೆಯ ಬೀಜ ಇಟ್ಟ ಕಾಗದವೊಂದು ಪೆಟ್ಟಿಗೆಯಲ್ಲಿತ್ತು. ಸಾಲಿಗೆ ನಾಲ್ಕರಂತೆ ಇಪ್ಪತ್ತೈದು ಸಾಲು. ಒಟ್ಟು ಎಣಿಸಿದರೆ ಎಪ್ಪತ್ತೈದು ಮೊಳೆತಿದ್ದವು, ಅವಳು ಹೇಳಿದಂತೆಯೇ. ಆದರೆ ಸಾಲು ಸಾಲಾಗಿ ನೋಡುತ್ತಾ ಹೋದರೆ, ಸರಿಯಾಗಿ ಮೂರು ಮೊಳೆತ ಸಾಲುಗಳು ಹತ್ತೇ. ಎಂಟು ಸಾಲುಗಳಲ್ಲಿ ನಾಲ್ಕಕ್ಕೆ ನಾಲ್ಕೂ ಎದ್ದಿದ್ದವು. ಆರು ಸಾಲುಗಳಲ್ಲಿ ಎರಡೇ. ಒಂದು ಸಾಲಿನಲ್ಲಿ ಒಂದೇ ಒಂದು ಮೊಳಕೆ, ತೋಟಗಾರನ ಮಾತಿನಂತೆ. ಇಷ್ಟು ವರ್ಷ ಅವಳು ನೂರನ್ನು ಎಣಿಸಿದ್ದಳು. ಸಾಲನ್ನು ಎಣಿಸಿರಲಿಲ್ಲ.

"ನೂರು ಇದ್ದಾಗ ಹೆಚ್ಚು ಕಡಿಮೆ ಸರಿದೂಗಿ ಹೋಗುತ್ತೆ" ಎಂದಳು ಮೇಡಂ. "ನಾಲ್ಕೇ ಇದ್ದಾಗ ಹಾಗಲ್ಲ. ಒಂದು ಬೀಜ ಮೊಳೆಯೋ ಸಾಧ್ಯತೆ ನಾಲ್ಕರಲ್ಲಿ ಮೂರು. ನಾಲ್ಕೂ ಮೊಳೀಬೇಕು ಅಂದ್ರೆ ಮುಕ್ಕಾಲನ್ನ ನಾಲ್ಕು ಸಲ ಗುಣಿಸಬೇಕು. ಇನ್ನೂರ ಐವತ್ತಾರರಲ್ಲಿ ಎಂಬತ್ತೊಂದು ಬರುತ್ತೆ. ಸರಿಯಾಗಿ ಮೂರು ಮೊಳೀಬೇಕು ಅಂದ್ರೆ, ಕೆಟ್ಟ ಬೀಜ ಮೊದಲನೇದಾಗಿರಬಹುದು, ಎರಡನೇದು, ಮೂರನೇದು, ಕೊನೇದು, ಹೀಗೆ ನಾಲ್ಕು ದಾರಿ. ಒಂದೊಂದು ದಾರಿಗೂ ಇಪ್ಪತ್ತೇಳು. ನಾಲ್ಕೂ ಸೇರಿ ನೂರ ಎಂಟು. ಇನ್ನೂರ ಐವತ್ತಾರರಲ್ಲಿ ನೂರ ಎಂಟು ಅಂದ್ರೆ ಅರ್ಧಕ್ಕೂ ಕಡಿಮೆ. ನೀವು ಬರಲೇಬೇಕು ಅಂದ್ರಲ್ಲ, ಅದು."

ಮೊಳಕೆಯಕ್ಕ ಕಾಗದದಿಂದ ಕಣ್ಣೆತ್ತದೆ ಕೇಳಿದಳು. "ಮೇಡಂ, ಎರಡೇ ಬೀಜ ಇದ್ರೆ?"

"ಅದು ಇನ್ನೂ ಸುಲಭ. ಎರಡೂ ಮೊಳೆಯೋದು ಹದಿನಾರರಲ್ಲಿ ಒಂಬತ್ತು. ಒಂದು ಮೊಳೆತು ಒಂದು ಕೆಡೋದು ಆರು. ಎರಡೂ ಕೆಡೋದು ಒಂದು."

"ಮೊದಲನೇದು ಕೆಟ್ಟು ಹೋಗಿದೆ ಅಂತ ಆಗಲೇ ಗೊತ್ತಿದ್ರೆ?"

"ಹಾಗಾದ್ರೆ ಆ ಹದಿನಾರೇ ಬೇಡ. ಎರಡನೇದು ಕೆಡೋ ಸಾಧ್ಯತೆ ಮತ್ತೆ ಹೊಸದಾಗಿ ನಾಲ್ಕರಲ್ಲಿ ಒಂದು. ಪಕ್ಕದ ಬೀಜ ಸತ್ತದ್ದು ಈ ಬೀಜಕ್ಕೆ ಹೇಗೆ ಗೊತ್ತಾಗುತ್ತೆ ಅಕ್ಕ?" ಮೇಡಂ ತಲೆಯೆತ್ತಿದಳು. ಮೊಳಕೆಯಕ್ಕ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ನಿಂತಿದ್ದಳು. "ಯಾಕಕ್ಕ, ಸುಸ್ತಾಯ್ತಾ? ಕೂತ್ಕೊಳ್ಳಿ, ನೀರು ತರ್ತೀನಿ."

ಅಂದು ಮನೆಗೆ ಬಂದರೆ ಗಂಡ ಸೈಕಲ್ಲನ್ನು ಗೋಡೆಗೆ ಒರಗಿಸಿ, ಮುಂದಿನ ಕಂಬಿಯ ಅಳತೆ ತೆಗೆಯುತ್ತಿದ್ದ. ಅದರ ಮೇಲೆ ಮಗುವಿಗೊಂದು ಪುಟ್ಟ ಸೀಟು ಕೂರಿಸಬೇಕಂತೆ. "ಹುಟ್ಟಿದ ತಕ್ಷಣ ಸೈಕಲ್ ಮೇಲೆ ಕೂರಿಸ್ತೀರಾ?" ಎಂದಳು ಏನಾದರೂ ಹೇಳಬೇಕಲ್ಲ ಎಂದು. "ಕೂರೋದು ಕಲಿಯೋ ಹೊತ್ತಿಗೆ ಸೀಟು ತಯಾರಿರ್ಲಿ ಅಂತ ಕಣೇ" ಎಂದು ಹಲ್ಲು ಬಿಟ್ಟ. ಹೇಳಬೇಕೆಂದು ಬಾಯಿ ತೆರೆದವಳು ಹಾಗೇ ನುಂಗಿಕೊಂಡಳು. ಪರೀಕ್ಷೆಯ ಕಾಲ ದಾಟಿ ಹೋಗಿತ್ತು. ಈಗ ಹೇಳಿದರೆ ಅವನ ನಗು ಹೋಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಮುಕ್ಕಾಲು ಪಾಲು ಒಳ್ಳೆಯದೇ ಅಲ್ಲವೇ ಎಂದು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

ಗಂಡು ಮಗು. ಹುಟ್ಟುವಾಗ ಮುದ್ದು ಮುದ್ದಾಗಿ ಚೆನ್ನಾಗಿತ್ತು. ಅವಳ ಮಗಳೂ ಹಾಗೇ ಇದ್ದಳು. ದಿನಾ ಬೆಳಿಗ್ಗೆ ಮಗುವಿನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಒಳಗಿನ ಕೆಂಪು ನೋಡುವುದು ಅವಳಿಗೆ ಅಭ್ಯಾಸವಾಯಿತು. ಯಾರಾದರೂ ನೋಡಿದರೆ ಕಾಡಿಗೆ ಒರೆಸುತ್ತಿದ್ದೇನೆ ಎನ್ನುತ್ತಿದ್ದಳು. ಕೂರುವುದನ್ನು ಕಲಿಯುವ ಹೊತ್ತಿಗೆ ಮಗು ಹಾಲು ಬಿಟ್ಟಿತು. ಕೆಂಪು ತಿಳಿಯಾಗುತ್ತಾ ಬಂದು ಒಂದು ದಿನ ಬೆಳ್ಳಗಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಾಯಿ ಬಿಟ್ಟು ಹೇಳುವ ಮೊದಲೇ ಅವಳಿಗೆ ತಿಳಿದಿತ್ತು. ಗಂಡನಿಗೆ ತಿಳಿದಿರಲಿಲ್ಲ.

"ಹಂಗೆ ಹೇಗಾಗುತ್ತೆ ಡಾಕ್ಟ್ರೇ?" ಎಂದ ಅವನು. "ನಾಲ್ಕರಲ್ಲಿ ಒಂದು ಅಂದಿದ್ರಿ. ಆ ಒಂದು ಆಗಿಹೋಗಿತ್ತಲ್ಲ. ಇನ್ನೊಂದು ಸಲ ನೋಡಿ, ಎಲ್ಲೋ ಅದಲು ಬದಲಾಗಿರಬೇಕು."

ಡಾಕ್ಟರಮ್ಮ ಉತ್ತರಿಸುವ ಮೊದಲೇ ಅವಳು ಹೇಳಿದಳು. "ಅದಲು ಬದಲು ಆಗಿಲ್ಲ ರೀ. ನಾನು ಹೇಳಿದ್ದೇ ತಪ್ಪು. ಒಂದೊಂದು ಮಗುವಿಗೂ ಬೇರೆ ಬೇರೆ ನಾಲ್ಕರಲ್ಲಿ ಒಂದು. ಅವಳದ್ದು ಅವಳಿಗಾಯ್ತು. ಇವನದ್ದು ಇವನಿಗೆ."

ಅವನು ಅವಳ ಕಡೆ ತಿರುಗಿದ. "ಯಾವಾಗಿಂದ ಗೊತ್ತಿತ್ತು ನಿಂಗೆ?"

"ಏಳನೇ ತಿಂಗಳಿಂದ. ಮೊದಲೇ ಪರೀಕ್ಷೆ ಮಾಡಿಸಿ ಅಂದಿದ್ರು. ನಾನೇ ಹೋಗ್ಲಿಲ್ಲ."

"ಅಷ್ಟು ದಿನ ನಾನು ಕುಣೀತಾ ಇದ್ದೆ. ನೀನು ನೋಡ್ತಾ ಇದ್ದೆ."

"ನೀವೊಬ್ರಾದ್ರೂ ಖುಷಿಯಾಗಿರ್ಲಿ ಅಂತ."

ಅವನು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಎದ್ದು ಬಾಗಿಲು ದೂಡಿಕೊಂಡು ಹೊರಗೆ ಹೋದ. ನರ್ಸು ಬಂದು ಮಗುವನ್ನು ಎತ್ತಿಕೊಂಡು ರಕ್ತ ಹಾಕುವ ಕೋಣೆಗೆ ನಡೆದಳು. ಅವಳು ಹಿಂದೆಯೇ ಹೋದಳು.

"ಇಬ್ಬರು ಬೇಕಲ್ಲಮ್ಮ" ಎಂದಳು ನರ್ಸು. "ಒಬ್ಬರು ಕೈ ಹಿಡೀಬೇಕು, ಒಬ್ಬರು ಕಾಲು. ಮಗು ಒದ್ದಾಡುತ್ತೆ. ಮನೆಯವರೆಲ್ಲಿ?"

ಎಲ್ಲಿ ಎಂದು ಅವಳಿಗೆ ತಿಳಿಯದು. ಒಬ್ಬಳೇ ಹಿಡಿಯುತ್ತೇನೆ ಎಂದು ಬಗ್ಗಿದಾಗ, ಹಿಂದಿನಿಂದ ಮಸಿ ಹತ್ತಿದ ಎರಡು ಕೈ ಬಂದು ಮಗುವಿನ ಕಾಲು ಹಿಡಿದವು. ಅವನು ಅವಳತ್ತ ನೋಡಲಿಲ್ಲ.

"ಎಡಗೈ ನೋಡಿ ಸಿಸ್ಟರ್" ಎಂದ. "ಇವನ ಅಕ್ಕನಿಗೆ ಎಡಗೈಯಲ್ಲೇ ನರ ಸಿಗ್ತಿತ್ತು."

ನರ್ಸು ಎಡಗೈಗೆ ಚುಚ್ಚಿದಳು. ಮಗು ಉಸಿರು ಕಟ್ಟಿ ಅತ್ತಿತು. ನರ ಸಿಗಲಿಲ್ಲ. ಮತ್ತೊಮ್ಮೆ ನೋಡಿದಳು, ಸಿಗಲಿಲ್ಲ.

"ಇವನಿಗೆ ಎಡಗೈ ಆಗಲ್ಲಪ್ಪ" ಎಂದು ಬಲಗೈ ಎತ್ತಿಕೊಂಡಳು.

ರಕ್ತ ಹನಿ ಹನಿಯಾಗಿ ಇಳಿಯತೊಡಗಿತು. ಅತ್ತು ಅತ್ತು ದಣಿದ ಮಗು ನಿದ್ದೆ ಹೋಯಿತು. ಇನ್ನು ಹಿಡಿಯಬೇಕಾಗಿರಲಿಲ್ಲ. ಆದರೂ ಅವನು ಆ ಪುಟ್ಟ ಕಾಲುಗಳನ್ನು ಬಿಡಲಿಲ್ಲ, ಅವಳು ಕೈ ಬಿಡಲಿಲ್ಲ. ಮಂಚದ ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತೇ ಇದ್ದರು.