ಓಡಿದವನ ಕಲ್ಲು

ಲಕ್ಷ್ಮೀ, ನಿಮ್ಮ ಹೊಲದ ಕಲ್ಲಿನ ಬಗ್ಗೆ ನಾನು ಪತ್ರಿಕೆಯಲ್ಲಿ ಬರೆದದ್ದು ಸುಳ್ಳು. ತಪ್ಪು ತಿಳಿದು ಬರೆಯಲಿಲ್ಲ — ನಿಜ ಗೊತ್ತಿದ್ದೇ ಬರೆದೆ.

ತೊಂಬತ್ತರ ದಶಕ. ಗುಬ್ಬಿಯಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದುಕೊಂಡು ತುಮಕೂರಿನ ಒಂದು ವಾರಪತ್ರಿಕೆಗೆ ಜಿಲ್ಲೆಯ ಹಳೆಯ ಕತೆಗಳನ್ನು ಬರೆಯುತ್ತಿದ್ದೆ. ಬಸ್ಸಿನಲ್ಲಿ ಯಾರಾದರೂ "ಓದ್ದೆ ಸಾರ್" ಅಂದರೆ ಸಾಕು, ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಕುಣಿಗಲ್ ಕಡೆಯ ನಿಮ್ಮೂರಿಗೆ ಬಂದಾಗ ನಿಮ್ಮಮ್ಮ ಪುಟ್ಟಮ್ಮ ಹೊಲದ ಬದುವಿಗೆ ಕರೆದೊಯ್ದು ಆ ಕಲ್ಲು ತೋರಿಸಿದರು. ಕಲ್ಲಿನಲ್ಲಿ ಒಬ್ಬ ಮನುಷ್ಯ, ಅವನ ಮೇಲೆ ಎಗರಿದ ಹುಲಿ.

"ನಮ್ಮನೆ ಹಿರೀಕ, ಮೇಷ್ಟ್ರೇ, ತಾತಪ್ಪ ಅಂತೀವಿ. ದನ ಕಾಯಕ್ಕೋಗಿದ್ದ. ಹುಲಿ ಕಂಡು ಓಡ್ದ, ಪಾಪ, ಅಟ್ಟಿಸ್ಕೊಂಡ್ ಬಂದು ಹಿಡ್ಕೊಂಡ್ಬುಡ್ತು. ಹೆದ್ರಕೊಂಡು ಸತ್ತವ್ನೆ, ಒಬ್ಬನ್ನೇ ಬುಡಬಾರ್ದು. ಅದಕ್ಕೆ ನಮ್ಮನೆ ಹೆಣ್ಮಕ್ಕಳು ಮದುವೆಗೆ ಮುಂಚೆ ಅವ್ನಿಗೆ ಮುದ್ದೆ ಎಡೆ ಇಡ್ಬೇಕು."

ಓಡಿದವನು! ಅದನ್ನು ಬರೆದರೆ ಯಾರು ಓದುತ್ತಾರೆ — ಹಾಗನ್ನಿಸಿತು. ಬರಿಗೈಯಲ್ಲಿ ಹುಲಿಯನ್ನು ಎದುರಿಸಿ ಊರಿನ ದನ ಉಳಿಸಿದ ವೀರ ಎಂದು ಬರೆದೆ. ನಿಮ್ಮ ಮನೆತನ, ಎಡೆ, ಪುಟ್ಟಮ್ಮನ ಹೆಸರು — ಒಂದನ್ನೂ ಹಾಕಲಿಲ್ಲ. ಇಡೀ ಊರಿನ ಹೆಮ್ಮೆ ಎಂದು ಮುಗಿಸಿದೆ.

ಊರ ಹುಡುಗರು ನಂಬಿಬಿಟ್ಟರು. ಸಂಘ ಕಟ್ಟಿದರು. ಕಲ್ಲನ್ನು ಕಿತ್ತು ತಂದು ಬಸ್ ಸ್ಟಾಪಿನ ಹತ್ತಿರ ಸಿಮೆಂಟು ಕಟ್ಟೆಯ ಮೇಲೆ ನಿಲ್ಲಿಸಿ, ಬಣ್ಣ ಬಳಿದು, ಗ್ರಿಲ್ ಹಾಕಿ ಬೀಗ ಜಡಿದರು. ನನ್ನನ್ನೇ ಕರೆಸಿ ಸನ್ಮಾನ ಮಾಡಿದರು. ಗುಂಪಿನ ಹಿಂದೆ ಪುಟ್ಟಮ್ಮ ನಿಂತಿದ್ದರು — ನೋಡಿದೆ, ನೋಡದವನಂತೆ ಹೊರಟುಬಿಟ್ಟೆ.

ಆಮೇಲೆ ನಿನ್ನ ಮದುವೆ. ಚಪ್ಪರದ ದಿನ ನೀನು ಎಡೆ ಹಿಡಿದು ಹೋದರೆ ಸಂಘದವರು ಬೀಗ ತೆಗೆಯಲಿಲ್ಲ. "ಇವ್ನು ಊರಿನ ವೀರ, ನಿಮ್ಮನೆ ಸ್ವತ್ತಲ್ಲ. ಮುದ್ದೆ ಗಿದ್ದೆ ಇಟ್ಟು ಗಲೀಜು ಮಾಡ್ಬೇಡಿ" ಅಂದರಂತೆ. ಅರಿಶಿನದ ಮೈಯಲ್ಲಿ ನೀನು ಎಡೆ ವಾಪಸ್ ತಂದೆ.

ಅವತ್ತೇ ನಿಮ್ಮಮ್ಮ ಬಸ್ಸು ಹತ್ತಿ ಗುಬ್ಬಿಗೆ ಬಂದರು. ಬೈಯಲಿಲ್ಲ.

"ಅವ್ನು ನಮ್ಮೋನು ಅಂತ ಒಂದ್ ಮಾತು ಹೇಳಿ, ಮೇಷ್ಟ್ರೇ. ನೀವ್ ಹೇಳುದ್ರೆ ಕೇಳ್ತಾರೆ."

ಕೇಳುತ್ತಿದ್ದರು, ಲಕ್ಷ್ಮೀ. ಆದರೆ ಹಾಗೆ ಹೇಳಿದರೆ ಪುಟ್ಟಮ್ಮ ಹೇಳಿದ ಕತೆಯೂ ಹೊರಬಂದು, ಬರೆದದ್ದೆಲ್ಲ ಸುಳ್ಳೆಂದು ಒಪ್ಪಬೇಕಾಗುತ್ತಿತ್ತು. ನನ್ನ ಹೆಸರು, ನನ್ನ ಮರ್ಯಾದೆ — ಥೂ!

"ಪೇಪರಲ್ಲಿ ಬಂದಾಗಿದೆ, ಇನ್ನೇನ್ ಮಾಡಕ್ಕಾಗುತ್ತಮ್ಮ" ಅಂದುಬಿಟ್ಟೆ. ಕೊಟ್ಟ ಕಾಫಿ ಮುಟ್ಟದೆ ಎದ್ದು ಹೋದರು.

ಎಡೆಯಿಲ್ಲದೆಯೇ ನಿನ್ನ ಮದುವೆ ಮುಗಿಯಿತು. ನಿನ್ನ ಮೊದಲ ಕೂಸು ಉಳಿಯದೆ ಹೋದಾಗ, ತಾತಪ್ಪನಿಗೆ ಎಡೆ ತಪ್ಪಿಸಿದ ಪಾಪ ತನ್ನದೇ ಎಂದು ಪುಟ್ಟಮ್ಮ ಕೊರಗತೊಡಗಿದರಂತೆ. ಕೊನೆಯವರೆಗೂ ಕೊರಗಿದರಂತೆ. ಅವರು ಹೋದ ಮೇಲೆ ನಿಮ್ಮೂರಿನವರೊಬ್ಬರು ಹೇಳಿ ನನಗೆ ಗೊತ್ತಾಯಿತು. ಅಂದಿನಿಂದ ನಿದ್ದೆ... ಬಿಡು, ನನ್ನ ನಿದ್ದೆಯ ಮಾತು ನಿನಗೇಕೆ.

ಈ ಭಾನುವಾರ ನಿಮ್ಮೂರಿಗೆ ಬರುತ್ತೇನೆ. ಅವನು ಹೆದರಿ ಓಡಿದ, ಅವನು ಪುಟ್ಟಮ್ಮನ ಮನೆಯವನು ಎಂದು ಸಂಘದವರ ಎದುರು ಹೇಳುತ್ತೇನೆ. ಬೀಗ ತೆಗೆಯಬಹುದು, ತೆಗೆಯದೆಯೂ ಇರಬಹುದು. ತಪ್ಪು ನನ್ನದೆಂದು ನಿಮ್ಮಮ್ಮನಿಗೆ ಹೇಳಬೇಕಿತ್ತು. ಅವರು ನನ್ನ ಮನೆ ಬಾಗಿಲಿಗೇ ಬಂದಿದ್ದರು.