ಕಣ್ಣು ಮುಚ್ಚಿದ ಮುಖಪುಟಗಳು

ಒಣಗಿದ ಪೋಸ್ಟರ್ ಬಣ್ಣದ ಬಾಟಲಿಗೆ ನೀರು ಬಿಟ್ಟು ಕಲಕಿದಾಗ ಏಳುವ ವಾಸನೆಯನ್ನು ನೀವು ಬಲ್ಲಿರೋ ಇಲ್ಲವೋ. ಅಂಟು, ಸೀಮೆಸುಣ್ಣ, ತುಸು ಹಳಸಿದ ಗಂಜಿ, ಮೂರೂ ಕೂಡಿದಂಥ ವಾಸನೆ ಅದು. ಮೊನ್ನೆ ಲಕ್ಷ್ಮೇಶ್ವರದ ನನ್ನ ಮನೆಯಲ್ಲಿ ಮೊಮ್ಮಗಳು ಶಾಲೆಯ ಚಿತ್ರಕ್ಕೆಂದು ಕೆಂಪು ಬಾಟಲಿಯ ಮುಚ್ಚಳ ತೆಗೆದಳು. ಒಲೆಯ ಮೇಲಿನ ಹಾಲು ಮರೆತು ನಿಂತುಬಿಟ್ಟೆ. ಬೆಟಗೇರಿಯ ನಮ್ಮ ಮನೆಗೆ ಇದೇ ವಾಸನೆಯಿತ್ತು. ಹೊರಗಿನ ಪಡಸಾಲೆಯಲ್ಲಿ ಆಯಿಯ, ಅಂದರೆ ನನ್ನಪ್ಪನ ತಾಯಿಯ, ಕೈಮಗ್ಗ. ನೂಲಿಗೆ ಹಚ್ಚುವ ಗಂಜಿಯ ಪಾತ್ರೆ. ಒಳಗೆ ಬೆಳಕಿಂಡಿಯ ಕೆಳಗೆ ಅಪ್ಪನ ಹಲಗೆ, ಕುಂಚ, ಬಣ್ಣ. ನೇಕಾರರ ಮನೆಯಲ್ಲಿ ಹುಟ್ಟಿಯೂ ಮಗ್ಗಕ್ಕೆ ಕೂರದ ಅಪ್ಪ ಕಾದಂಬರಿಗಳಿಗೆ ಮುಖಪುಟ ಬರೆಯುತ್ತಿದ್ದ.

ಗದಗಿನ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಆ ಪುಸ್ತಕಗಳನ್ನು ದಾರಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟಿರುತ್ತಿದ್ದರು. ಶಿರಹಟ್ಟಿ ಬಸ್ಸು, ಮುಂಡರಗಿ ಬಸ್ಸು ಕಾಯುವವರು ಬರೆದವರ ಹೆಸರು ನೋಡುತ್ತಿರಲಿಲ್ಲ. ಹೊರಗಿನ ಚಿತ್ರಕ್ಕೆ ಮನಸೋತು ಕೊಳ್ಳುತ್ತಿದ್ದರು. ಪ್ರೆಸ್ಸಿನ ಮಾಲೀಕರಿಗೆ ಇದು ಚೆನ್ನಾಗಿ ಗೊತ್ತಿತ್ತು. "ಒಳಗ ಏನರ ಇರಲಿ ಮಾಸ್ತರ, ಹೊರಗ ಒಂದು ಹೆಣಾ ಇರಬೇಕು ನೋಡ್ರಿ," ಎನ್ನುತ್ತಿದ್ದರು. ನೋಡಿ ಬರೆಯಲು ಎದುರಿಗೆ ಯಾರಾದರೂ ಇಲ್ಲದೆ ಅಪ್ಪನಿಗೆ ಕೈ ಓಡುತ್ತಿರಲಿಲ್ಲ. ಹಾಗಾಗಿ ಮನೆಮಂದಿಯೆಲ್ಲ ಕಾದಂಬರಿಯ ಪಾತ್ರಗಳಾದೆವು. ಕಾಕಾ ಮಗ್ಗದ ಲಾಳಿಯನ್ನು ಪಿಸ್ತೂಲಿನಂತೆ ಹಿಡಿದು ಕೊಲೆಗಾರನಾದ. ಅವ್ವ ಕೂದಲು ಬಿಚ್ಚಿಕೊಂಡು ದೆವ್ವವಾದಳು; ಸಾರು ಸೀಯುತ್ತಿದೆಯೆಂದು ನಡುವೆ ಎದ್ದು ಓಡುವ ದೆವ್ವ. ಅಚ್ಚು ಕೆಟ್ಟ ಮುಖಪುಟಗಳನ್ನು ನಮ್ಮ ಶಾಲೆಯ ಪುಸ್ತಕಗಳಿಗೆ ಹೊದಿಸುತ್ತಿದ್ದರು. ನನ್ನ ಗಣಿತದ ಪುಸ್ತಕದ ಮೇಲೆ ಎದೆಗೆ ಚೂರಿ ಹೊಕ್ಕ ಹೆಂಗಸೊಬ್ಬಳು ಮಲಗಿದ್ದಳು. ಅವಳು ನನ್ನ ಕಸ್ತೂರಿ ಅತ್ತಿ.

ಅತ್ತಿ ಅಪ್ಪನ ತಂಗಿ. ಸಣ್ಣವಳಿದ್ದಾಗ ಬಂದ ಕೀಲುನೋವಿನ ಜ್ವರ ಎದೆಯನ್ನು ಕೆಡಿಸಿತ್ತು. ನೀರಿನ ಕೊಡ ಹೊರುವಂತಿರಲಿಲ್ಲ, ಅಟ್ಟ ಹತ್ತುವಂತಿರಲಿಲ್ಲ. ನೋಡಲು ಬಂದ ಗಂಡಿನ ಕಡೆಯವರು ವಿಷಯ ತಿಳಿದು, ಉಪ್ಪಿಟ್ಟು ತಿಂದು ಹೋಗುತ್ತಿದ್ದರು. ಆಯಿಯ ಮಗ್ಗಕ್ಕೆ ನೂಲು ಸುತ್ತಿಕೊಡುತ್ತ ದಿನ ಕಳೆಯುತ್ತಿದ್ದಳು. ಅವಳಷ್ಟು ಅಲುಗಾಡದೆ ಮಲಗುವವರು ಮನೆಯಲ್ಲಿ ಇನ್ನೊಬ್ಬರಿರಲಿಲ್ಲ, ಉಸಿರಾಡುವುದೂ ಕಾಣುತ್ತಿರಲಿಲ್ಲ. ಆದ್ದರಿಂದ ಹೆಣ ಯಾವಾಗಲೂ ಅವಳೇ. ಹೊರಸಿನಿಂದ ಒಂದು ಕೈ ಇಳಿಬಿಟ್ಟು, ಕೂದಲು ಹರಡಿ, ಕಣ್ಣು ಮುಚ್ಚಿ ಮಲಗುತ್ತಿದ್ದಳು. ಆಮೇಲೆ ಅಪ್ಪ ಕುತ್ತಿಗೆಗೆ ಹಗ್ಗವನ್ನೋ ಎದೆಗೆ ರಕ್ತವನ್ನೋ ಸೇರಿಸುತ್ತಿದ್ದ. ಮಗ್ಗದ ಕಡೆಯಿಂದ ಆಯಿ ಬೈಯುತ್ತಿದ್ದಳು: "ಬದುಕಿದ ಹುಡುಗೀನ ದಿನಾ ಸಾಯಸ್ತೀಯಲ್ಲೋ. ಕೈಯರ ಹ್ಯಾಂಗ ಬರತೈತಿ ನಿನಗ?" ಅಪ್ಪ ನಗುತ್ತಿದ್ದ. ಅತ್ತಿಯೂ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದಳು. ಅಪ್ಪ ತುಟಿ ಅಳಿಸಿ ಮತ್ತೆ ಬರೆಯಬೇಕಾಗುತ್ತಿತ್ತು.

ಅವಳಿಗಿದ್ದದ್ದು ಒಂದೇ ಆಸೆ. "ಅಣ್ಣಾ, ಒಂದರ ಪುಸ್ತಕದಾಗ ನನ್ನ ಕಣ್ಣು ತೆರಿಯೋ. ಯಾರು ಕೈಯಾಗ ಹಿಡೀತಾರ, ಅವರನ್ನ ನಾ ನೋಡಬೇಕು."

"ಸಂಸಾರದ ಕಾದಂಬರಿ ಬರಲಿ, ನಿನ್ನ ನಾಯಕಿ ಮಾಡ್ತೀನಿ. ಈಗ ಸುಮ್ನ ಮಲಗವ್ವ, ಜಲ್ದಿ ಕೊಡಬೇಕಾಗೈತಿ," ಎನ್ನುತ್ತಿದ್ದ ಅಪ್ಪ.

ಪ್ರೆಸ್ಸಿನಿಂದ ಬರುತ್ತಿದ್ದದ್ದೆಲ್ಲ ಕೊಲೆ, ದೆವ್ವ, ವಿಷ. ಅತ್ತಿ ಮಾತ್ರ ಆಯಿ ನೇಯ್ದ ಹಸಿರು ಸೀರೆಯೊಂದನ್ನು ಅದಕ್ಕೆಂದೇ ಎತ್ತಿಟ್ಟಿದ್ದಳು. ಯಾವ ಕಡೆ ಕತ್ತು ಹೊರಳಿಸಿದರೆ ಚೆಂದ ಎಂದು ನನ್ನನ್ನು ಕೇಳಿ ಕೇಳಿ ಕನ್ನಡಿಯೆದುರು ನಿಲ್ಲುತ್ತಿದ್ದಳು. ಅಪ್ಪನ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಒಂದು ಕಾಗದದಲ್ಲಿ ಸುಮ್ಮನೆ ಬರೆದುಕೊಟ್ಟರೆ ಏನು ಗಂಟು ಹೋಗುತ್ತಿತ್ತು? ಆದರೆ ಅವಳಿಗೆ ಬೇಕಾದದ್ದು ಮುಖಪುಟ, ಬಸ್ ಸ್ಟ್ಯಾಂಡಿನಲ್ಲಿ ತೂಗುವಂಥದು.

ಒಂದು ಚಳಿಗಾಲದಲ್ಲಿ ಅತ್ತಿಯ ಕಾಲು ಬಾತವು. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಹುಬ್ಬಳ್ಳಿಯ ದವಾಖಾನೆಗೆ ಒಯ್ದರು. ಮರಳಿ ತಂದದ್ದು ಅವಳ ಹೆಣವನ್ನು. ಪಡಸಾಲೆಯಲ್ಲಿ ಹೂ ಹಾಕಿ ಮಲಗಿಸಿದ್ದಾಗ ಓಣಿಯ ಹೆಂಗಸೊಬ್ಬಳು, ಕೆಟ್ಟ ಮನಸ್ಸಿನಿಂದಲ್ಲ, ಅಳುತ್ತಲೇ ಅಂದಳು: "ಪುಸ್ತಕದಾಗ ಇದ್ದಂಗ ಅದಾಳ ನೋಡವಾ." ಅಪ್ಪ ಅಲ್ಲೇ ಕಂಬ ಹಿಡಿದು ನಿಂತಿದ್ದ. ಅವನ ಮುಖ ನೋಡಲು ನನಗೆ ಹೆದರಿಕೆಯಾಯಿತು.

ದಿನಕರ್ಮಗಳೆಲ್ಲ ಮುಗಿದ ಮೇಲೆ, ನೋಡಿ, ಸಂಸಾರದ ಕಾದಂಬರಿ ಬಂತು. ಅಪ್ಪ ಬಾಗಿಲ ಬಳಿ ನಿಂತ ಹಸಿರು ಸೀರೆಯ ಹೆಣ್ಣನ್ನು ಬರೆಯಲು ಕೂತ. ಕಿವಿ ಬಂತು, ಹಣೆಯ ಮೇಲಿನ ಗುಂಗುರು ಕೂದಲು ಬಂತು, ತುಟಿಯ ಕೆಳಗಿನ ಮಚ್ಚೆ ಬಂತು. ಕಣ್ಣು ಬರಲಿಲ್ಲ. ಅಷ್ಟು ವರ್ಷ ಬರೆದ ಮುಖದಲ್ಲಿ ಮುಚ್ಚಿದ ರೆಪ್ಪೆಗಳನ್ನು ಬಿಟ್ಟು ಬೇರೆ ಕಣ್ಣು ಅವನ ಕೈಗೆ ಗೊತ್ತಿರಲಿಲ್ಲ. ಮನೆಯಲ್ಲಿದ್ದ ಒಂದೇ ಫೋಟೋ ಶಾಲೆಯ ಗುಂಪಿನದು. ಅದರಲ್ಲಿ ಅವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಳು. ಅಪ್ಪ ಒಬ್ಬೊಬ್ಬರನ್ನೇ ಕೇಳಿದ. ದೊಡ್ಡವು ಎಂದಳು ಅವ್ವ. ದೊಡ್ಡವೇನಲ್ಲ, ಬೆಕ್ಕಿನ ಕಣ್ಣಿನ ಬಣ್ಣ ಎಂದ ಕಾಕಾ. ನನ್ನನ್ನು ಕೇಳಿದಾಗ ನಾನು ಅಳತೊಡಗಿದೆ. ಬರೆದು ಅಳಿಸಿ, ಬರೆದು ಅಳಿಸಿ, ಕಣ್ಣಿನ ಜಾಗದಲ್ಲಿ ಕಾಗದ ಹಿಂಜಿದ ಅರಳೆಯಂತಾಯಿತು. ಕಡೆಗೆ ಆಯಿ ಮಗ್ಗದಿಂದ ಎದ್ದು ಬಂದು ಅವನೆದುರು ಕೂತಳು.

"ನನ್ನ ಕಣ್ಣು ನೋಡಿ ಬರಿ. ಆಕಿನ್ನ ಹಡದಾಕಿ ನಾ," ಅಂದಳು. ಅಪ್ಪ ಹೊಸ ಕಾಗದ ತೆಗೆದುಕೊಂಡ.

ಪುಸ್ತಕ ಹೊರಬಂದಾಗ ಅಪ್ಪ ನನ್ನನ್ನು ಬಸ್ ಸ್ಟ್ಯಾಂಡಿಗೆ ಕರೆದೊಯ್ದ. ಹೆಣಗಳ ಸಾಲಿನ ನಡುವೆ ಅತ್ತಿ ನಿಂತಿದ್ದಳು. ಎಳೆಯ ಮುಖ, ಅದರಲ್ಲಿ ಮಗಳನ್ನು ಮಣ್ಣಿಗಿಟ್ಟು ಬಂದ ಕಣ್ಣುಗಳು. ಬಸ್ಸು ಕಾಯುವವರು ಆ ಹಸಿರಿಗೆ ಮನಸೋತು ಕೈ ಚಾಚುತ್ತಿದ್ದರು; ಮುಖ ನೋಡಿ, ಪಕ್ಕದ ಪುಸ್ತಕ ತೆಗೆದುಕೊಳ್ಳುತ್ತಿದ್ದರು. ಅಂಗಡಿಯವನಿಗೆ ಅಪ್ಪನ ಗುರುತಿರಲಿಲ್ಲ. "ಯಾರೂ ಕೈಯಾಗ ಹಿಡೀವಲ್ರು ಇದನ್ನ. ಆ ಹೆಣಮಗಳು ನೋಡೋದು ನೋಡ್ರಿ, ಎದಿ ಝಲ್ ಅಂತೈತಿ," ಅಂದ. ಅಪ್ಪ ಕ್ಲಿಪ್ಪು ಬಿಡಿಸಿ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಶಿರಹಟ್ಟಿ ಬಸ್ಸು ಬಂದು ಹೋದರೂ ಹಿಡಿದೇ ಇದ್ದ. ಆಮೇಲೆ ಅವನು ಮುಖಪುಟ ಬರೆಯಲಿಲ್ಲ. ಅಂಗಡಿಗಳ ಬೋರ್ಡು ಬರೆದುಕೊಂಡು, ಬರೀ ಅಕ್ಷರ ಬರೆದುಕೊಂಡು, ತೀರಿಹೋದ.

ಮನೆ ಈಗ ಇಲ್ಲ. ಆಯಿ, ಅವ್ವ, ಕಾಕಾ ಯಾರೂ ಇಲ್ಲ. ಹಳೆಯ ಮುಖಪುಟಗಳನ್ನು ಮೆಚ್ಚುವವರು ಅವುಗಳ ಚಿತ್ರ ತೆಗೆದು ಮೊಬೈಲಿನಲ್ಲಿ ಹಂಚುತ್ತಾರೆ, ಎಂಥ ಬಣ್ಣ ಎಂದು ಹೊಗಳುತ್ತಾರೆ. ಅಲ್ಲಿ ಅತ್ತಿ ಎಷ್ಟೋ ಸಲ ಸತ್ತು ಮಲಗಿದ್ದಾಳೆ. ಆ ಹಸಿರು ಸೀರೆಯ ಪುಸ್ತಕ ಯಾರಲ್ಲೂ ಇಲ್ಲ. ಅಪ್ಪ ಕೊಂಡು ತಂದದ್ದೂ ಆಯಿಯ ಪೆಟ್ಟಿಗೆಯಲ್ಲಿ ಗೆದ್ದಲಿಗೆ ಹೋಯಿತು. ಹೋದರೆ ಹೋಗಲಿ ಎನ್ನುವ ಹಾಗೂ ಇಲ್ಲ. ಅತ್ತಿಯನ್ನು ನೆನೆಯಲು ಕೂತಾಗಲೆಲ್ಲ ಆ ಮುಖವೇ ಎದುರು ಬರುತ್ತದೆ, ಆಯಿಯ ಕಣ್ಣುಗಳಿಂದಲೇ ನನ್ನನ್ನು ನೋಡುತ್ತದೆ. ಅವಳ ಕಣ್ಣು ಹೇಗಿದ್ದವೆಂದು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ.